ಮಳೆಗಾಲದ ಬಿಡುವಿಗೊಂದು ಜೋಡಿರೆಕ್ಕೆಯ ವಿಮಾನ

ತೋಟದವರಿಗೆ ಬಿಡುವೆಲ್ಲಿದೆ ಎಂಬ ಮಾತು ವರ್ಷದ ಹತ್ತು ತಿಂಗಳಿಗೆ ನಿಜ. ಕಕ್ಕಡದ ಮಳೆ ಹಿಡಿದಾಗ ಮಾತ್ರ ಅದನ್ನು ಸ್ವಲ್ಪ ಸಡಿಲಿಸಬಹುದು. ಹಾರಂಗಿಯ ಸುತ್ತಮುತ್ತ ಮಡಿಕೇರಿ, ಭಾಗಮಂಡಲಗಳಷ್ಟು ಮಳೆ ಬೀಳುವುದಿಲ್ಲ. ಆದರೂ ಪುಷ್ಪಗಿರಿಯ ತಪ್ಪಲಿನಲ್ಲಿ ಸುರಿದ ನೀರು ಜಲಾಶಯಕ್ಕೆ ನುಗ್ಗಿ ಬರುವ ದಿನಗಳಲ್ಲಿ ಇಲ್ಲಿಯೂ ಜಿನುಗು ನಿಲ್ಲುವುದಿಲ್ಲ. ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆ ಆಗಿರುತ್ತದೆ, ಎರಡನೆಯದಕ್ಕೆ ಇನ್ನೂ ದಿನವಿರುತ್ತದೆ. ಕಾಫಿಯಲ್ಲಿ ಕಂಬಚಿಗುರು ತೆಗೆಯುವ ಕೆಲಸವೂ ಮಳೆ ಬಿಟ್ಟ ಹೊತ್ತಿಗಷ್ಟೇ. ಉಳಿದ ವೇಳೆಯಲ್ಲಿ ಮನೆಯ ಹಿರಿಯರೂ ಮಕ್ಕಳೂ ಜಗಲಿಯ ಮೇಲೆ ಕುಳಿತು ಮಾಡಬಹುದಾದ ಒಂದು ಕೆಲಸವನ್ನು ಈ ಸಂಚಿಕೆಯಲ್ಲಿ ಸೂಚಿಸಲು ಬಯಸುತ್ತೇವೆ. ಅದು ಮರದಿಂದ ಜೋಡಿರೆಕ್ಕೆಯ ವಿಮಾನದ ಅಳತೆ ತಪ್ಪದ ಮಾದರಿಯನ್ನು ಕಟ್ಟುವ ಕೆಲಸ.

ಇದೇನು, ಮಕ್ಕಳಾಟಿಕೆಗೂ ನಮ್ಮ ಸಂಘದ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಈ ಕೆಲಸಕ್ಕೆ ಬೇಕಾಗುವ ಮರದ ಬಹುಪಾಲು ನಮ್ಮ ತೋಟದಲ್ಲೇ ಮರಗಸಿಯ ಕಾಲಕ್ಕೆ ನೆಲಕ್ಕೆ ಬೀಳುತ್ತದೆ. ತೇವಾಂಶದ ಮೇಲೆ ಕಣ್ಣಿಡುವುದು, ಸಾಲು ಹಿಡಿದು ಹಗ್ಗ ಎಳೆಯುವುದು, ಕಾಲ ನೋಡಿ ಕೆಲಸ ಹಿಡಿಯುವುದು ಇವೆಲ್ಲ ಬೆಳೆಗಾರನಿಗೆ ಮೊದಲೇ ಗೊತ್ತಿರುವ ವಿದ್ಯೆ. ಪೇಟೆಯ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಮಾತ್ರ ಆ ವಿದ್ಯೆ ಕೈಗೆ ಬರುತ್ತಿಲ್ಲ. ಸಿಲ್ವರ್ ಓಕನ್ನು ಎಲೆ ನೋಡಿ ಗುರುತಿಸುವ ಹುಡುಗನಿಗೆ ಅದರ ಹಲಗೆ ಯಾವ ಕಡೆಗೆ ಡೊಂಕಾಗುತ್ತದೆ ಎಂಬುದು ತಿಳಿದಿಲ್ಲ. ಅಪ್ಪನ ಪಕ್ಕ ಕುಳಿತು ಕಲಿಯದಿದ್ದರೆ ಇದನ್ನು ಕಲಿಸುವವರು ಬೇರೆ ಯಾರೂ ಇಲ್ಲ.

ಯಾವ ವಿಮಾನ?

ಜೋಡಿರೆಕ್ಕೆಯ ವಿಮಾನಗಳು ಹಲವು ಬಗೆ. 1903ರ ಡಿಸೆಂಬರ್ 17ರಂದು ಅಮೆರಿಕದ ರೈಟ್ ಸಹೋದರರು ಹಾರಿಸಿದ್ದು ಮರ ಮತ್ತು ಬಟ್ಟೆಯ ಜೋಡಿರೆಕ್ಕೆಯ ಯಂತ್ರವೇ. ಅದರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನಮ್ಮ ದೇಶದಲ್ಲಿ 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನದಿಯಾಚೆಯ ನೈನಿಗೆ ವಿಮಾನದಲ್ಲಿ ಅಂಚೆ ಸಾಗಿಸಿದ ಫ್ರಾನ್ಸಿನ ಆಂರಿ ಪೆಕೆ ನಡೆಸಿದ್ದೂ ಜೋಡಿರೆಕ್ಕೆಯದೇ. 1933ರಲ್ಲಿ ಭಾರತೀಯ ವಾಯುಪಡೆಯ ಮೊದಲ ತುಕಡಿ ಕರಾಚಿಯಲ್ಲಿ ಆರಂಭವಾದಾಗ ಅದರಲ್ಲಿದ್ದ ನಾಲ್ಕು ವಾಪಿಟಿ ವಿಮಾನಗಳೂ ಅದೇ ಜಾತಿಯವು.

ನಾವು ಆರಿಸಿಕೊಳ್ಳಬೇಕೆನ್ನುವುದು ಟೈಗರ್ ಮಾತ್. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ತರಬೇತಿ ವಿಮಾನ 1931ರ ಅಕ್ಟೋಬರ್ 26ರಂದು ಮೊದಲ ಸಲ ಹಾರಿತು. ಒಟ್ಟು 8 ಸಾವಿರಕ್ಕೂ ಹೆಚ್ಚು ತಯಾರಾದವು. ನಮ್ಮ ವಾಯುಪಡೆಯ ಒಂದು ತಲೆಮಾರಿನ ವೈಮಾನಿಕರು ಹಾರಲು ಕಲಿತದ್ದು ಇದರಲ್ಲೇ. ಇದಕ್ಕೂ ಕರ್ನಾಟಕಕ್ಕೂ ನಂಟಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿದ್ಯೆಯ ವಿಭಾಗ ತೆರೆಯಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಆ ಕಾರ್ಖಾನೆ ರೂಪಿಸಿದ ಎಚ್.ಟಿ.-2 ವಿಮಾನ 1951ರಲ್ಲಿ ಹಾರಿತು. ಅದನ್ನು ಮಾಡಿದ್ದೇ ಟೈಗರ್ ಮಾತ್‌ನ ಜಾಗ ತುಂಬಲೆಂದು. ಅದೇ ಕಾರ್ಖಾನೆ ಬೆಳೆಗಳಿಗೆ ಔಷಧಿ ಸಿಂಪಡಿಸಲೆಂದೇ ಮಾಡಿದ ಬಸಂತ್ ವಿಮಾನ 1972ರಲ್ಲಿ ಹಾರಿತೆಂಬುದು ಬೆಳೆಗಾರರು ನೆನಪಿಡಬೇಕಾದ ಸಂಗತಿ. ಎಚ್.ಟಿ.-2 ಮತ್ತು ಬಸಂತ್ ಎರಡಕ್ಕೂ ಒಂದೇ ಜೊತೆ ರೆಕ್ಕೆ. ಅಷ್ಟು ಹೊತ್ತಿಗೆ ಜೋಡಿರೆಕ್ಕೆಯ ಕಾಲ ಮುಗಿದಿತ್ತು. ಆದರೂ ವಾಯುಪಡೆ ಒಂದು ಹಳೆಯ ಟೈಗರ್ ಮಾತನ್ನು ದುರಸ್ತಿ ಮಾಡಿಸಿ 2012ರ ವಾಯುಪಡೆ ದಿನದಂದು ಮತ್ತೆ ಹಾರಿಸಿತು.

ಎರಡು ರೆಕ್ಕೆ ಏಕೆ?

ಮಗು ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಗೊತ್ತಿದ್ದರೆ ಕೆಲಸ ಅರ್ಧ ಮುಗಿದಂತೆ. ಮರ ಹಗುರವಾಗಿರಬೇಕು, ಆದರೆ ಗಟ್ಟಿಯಾಗಿಯೂ ಇರಬೇಕು. ಒಂದೇ ತೆಳು ಹಲಗೆ ಉದ್ದಕ್ಕೆ ಚಾಚಿದರೆ ಬಾಗುತ್ತದೆ. ಎರಡು ತೆಳು ಹಲಗೆಗಳನ್ನು ಮೇಲೊಂದು ಕೆಳಗೊಂದು ಇಟ್ಟು, ನಡುವೆ ಕಂಬ ಕೊಟ್ಟು, ಮೂಲೆಯಿಂದ ಮೂಲೆಗೆ ತಂತಿ ಎಳೆದರೆ ಅದೇ ಮರ ಹಲವು ಪಟ್ಟು ಭಾರ ತಡೆಯುತ್ತದೆ. ಬಿದಿರಿನ ಅಟ್ಟಣಿಗೆಗೆ ಓರೆಗಳ ಕಟ್ಟಿದ ಮೇಲೆ ಅದು ಅಲುಗದಿರುವುದೂ ಇದೇ ನ್ಯಾಯದಿಂದ. ವಿಮಾನ ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ, ಆಗ ಒಡಲಿನ ಬುಡದಿಂದ ಮೇಲಿನ ರೆಕ್ಕೆಯ ತುದಿಯ ಕಡೆಗೆ ಹೋಗುವ ತಂತಿಗಳು ಬಿಗಿಯುತ್ತವೆ. ನೆಲದ ಮೇಲೆ ನಿಂತಾಗ ರೆಕ್ಕೆಯ ಭಾರ ಕೆಳಕ್ಕೆ ಜಗ್ಗುತ್ತದೆ, ಆಗ ಎದುರು ದಿಕ್ಕಿನ ತಂತಿಗಳು ಬಿಗಿಯುತ್ತವೆ. ಆದ್ದರಿಂದ ಮಾದರಿಯಲ್ಲಿಯೂ ತಂತಿಯನ್ನು ಅಲಂಕಾರವೆಂದು ತಿಳಿಯಬಾರದು. ರೆಕ್ಕೆ ನೆಟ್ಟಗೆ ನಿಲ್ಲುವುದು ಅದರಿಂದಲೇ.

ಅಳತೆ

ಲೆಕ್ಕ ಸುಲಭವಾಗಲು ಅಡಿಗೆ ಒಂದು ಅಂಗುಲ, ಅಂದರೆ ಹನ್ನೆರಡರಲ್ಲಿ ಒಂದು ಪಾಲಿನ ಮಾದರಿ ಸೂಕ್ತ. ನಿಜವಾದ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 29 ಅಡಿ 4 ಅಂಗುಲ (8.94 ಮೀಟರ್), ಮಾದರಿಯಲ್ಲಿ 74.5 ಸೆಂಟಿಮೀಟರ್. ಉದ್ದ 7.29 ಮೀಟರ್, ಮಾದರಿಯಲ್ಲಿ ಸುಮಾರು 61 ಸೆಂಟಿಮೀಟರ್. ಎತ್ತರ 2.69 ಮೀಟರ್, ಮಾದರಿಯಲ್ಲಿ 22 ಸೆಂಟಿಮೀಟರಿಗೆ ತುಸು ಹೆಚ್ಚು. ರೆಕ್ಕೆಗಳ ಒಟ್ಟು ವಿಸ್ತೀರ್ಣ 239 ಚದರ ಅಡಿ ಎಂಬುದರಿಂದ ಒಂದೊಂದು ರೆಕ್ಕೆಯ ಅಗಲ ನಾಲ್ಕು ಅಡಿಗೆ ಸ್ವಲ್ಪ ಹೆಚ್ಚು ಎಂದು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಲಿ. ಮಾದರಿಗೆ ಅದು ನಾಲ್ಕೂಕಾಲು ಅಂಗುಲದಷ್ಟಾಗುತ್ತದೆ.

ಇಲ್ಲಿ ಒಂದು ಪಾಠವಿದೆ. ಉದ್ದ ಹನ್ನೆರಡು ಪಟ್ಟು ಕುಗ್ಗಿದರೆ ತೂಕ ಹನ್ನೆರಡು ಪಟ್ಟು ಮಾತ್ರ ಕುಗ್ಗುವುದಿಲ್ಲ. ಉದ್ದ, ಅಗಲ, ದಪ್ಪ ಮೂರೂ ಕುಗ್ಗುವುದರಿಂದ 1,728 ಪಟ್ಟು ಕುಗ್ಗಬೇಕು. ಖಾಲಿ ವಿಮಾನದ ತೂಕ 506 ಕಿಲೋ. ಹಾಗಾದರೆ ಮಾದರಿ 300 ಗ್ರಾಮಿನೊಳಗೆ ಇರಬೇಕು. ಪ್ರದರ್ಶನಕ್ಕಿಡುವ ಮಾದರಿ ಇಷ್ಟೇ ಹಗುರ ಇರಬೇಕೆಂದಿಲ್ಲ, ಆದರೆ ಭಾರವಾದಷ್ಟೂ ಕಂಬ, ಚಕ್ರ, ಅಂಟು ಎಲ್ಲಕ್ಕೂ ಶ್ರಮ ಹೆಚ್ಚು.

ಮರದ ಆಯ್ಕೆ

ಪರದೇಶಗಳಲ್ಲಿ ಇಂಥ ಮಾದರಿಗಳಿಗೆ ಬಾಲ್ಸಾ ಮರ ಬಳಸುತ್ತಾರೆ. ಅದು ದಕ್ಷಿಣ ಅಮೆರಿಕದ ಮರ, ಘನ ಮೀಟರಿಗೆ ಸುಮಾರು 160 ಕಿಲೋ ತೂಗುವಷ್ಟು ಹಗುರ. ಬೆಂಡಿನಂತಿದ್ದರೂ ಅದನ್ನು ಆಟಿಕೆಯ ಮರವೆನ್ನುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದೇ ಡಿ ಹ್ಯಾವಿಲೆಂಡ್ ಕಂಪನಿ ತನ್ನ ಮಸ್ಕೀಟೋ ಯುದ್ಧವಿಮಾನದ ಒಡಲನ್ನು ತೆಳು ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟು ಕಟ್ಟಿತ್ತು. ನಮಗೆ ಅದಕ್ಕಾಗಿ ಪೇಟೆ ಅಲೆಯಬೇಕಾಗಿಲ್ಲ.

ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸಿದ ಹಾಲುವಾಣದ ಮರ ಹಗುರ, ಮೃದು, ಚಾಕುವಿಗೆ ಸುಲಭ. ಮೂತಿ, ರೆಕ್ಕೆಯ ತುದಿ, ಬಾಲ ಮುಂತಾದ ಕೆತ್ತನೆಯ ಭಾಗಗಳಿಗೆ ಅದು ಸಾಕು. ಉದ್ದನೆಯ ಕಡ್ಡಿಗಳಿಗೆ ನೇರ ಎಳೆಯ ಸಿಲ್ವರ್ ಓಕ್ ತುಂಡು ಆರಿಸಬೇಕು. ರೆಕ್ಕೆಗಳ ನಡುವಿನ ಕಂಬ ಹಾಗೂ ಚಕ್ರದ ಕಾಲುಗಳಿಗೆ ಅಡಿಕೆ ದಬ್ಬೆಯ ಹೊರಗಿನ ಗಟ್ಟಿ ಭಾಗದಿಂದ ಸೀಳಿದ ಕಡ್ಡಿಗಿಂತ ಉತ್ತಮವಾದದ್ದಿಲ್ಲ. ಅದನ್ನು ನಯ ಮಾಡುವಾಗ ಸಿಬಿರು ಚುಚ್ಚದಂತೆ ಎಚ್ಚರವಿರಲಿ. ಪಂಖಕ್ಕೆ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಕಾಂಡ ಚೆನ್ನ, ಎಳೆ ಬಿಗಿಯಾಗಿದ್ದು ಹೊಳಪು ಬರುತ್ತದೆ. ಇದಕ್ಕಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಹಸಿ ಮರ ಮಾತ್ರ ಕೂಡದು. ಈ ಬೇಸಗೆಯ ಮರಗಸಿಯಲ್ಲಿ ಸಿಕ್ಕ ಕೊಂಬೆಯನ್ನು ಕೂಡಲೇ ಅರ್ಧ ಅಂಗುಲದ ಪಟ್ಟಿಗಳಾಗಿ ಸೀಳಿ, ನಡುವೆ ಕಡ್ಡಿ ಕೊಟ್ಟು ಗಾಳಿಯಾಡುವಂತೆ ಅಟ್ಟದಲ್ಲಿ ಪೇರಿಸಿ, ಮುಂದಿನ ಮಳೆಗಾಲಕ್ಕೆ ಇಳಿಸುವುದು ಸರಿಯಾದ ಕ್ರಮ. ಹಾಲುವಾಣಕ್ಕೆ ಬೂಷ್ಟು ಮತ್ತು ಕುಟ್ಟೆ ಹುಳು ಬೇಗ ತಗಲುವುದರಿಂದ ಸೀಳಿದ ದಿನವೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಒಣಗಿದೆಯೇ ಎಂದು ತಿಳಿಯುವ ಬಗೆ ಬೆಳೆಗಾರನಿಗೆ ಹೊಸದಲ್ಲ. ಕಣದಲ್ಲಿ ಕಾಫಿಯನ್ನು ಅಳತೆಯ ಡಬ್ಬದಲ್ಲಿ ತುಂಬಿ ತೂಗಿ ನೋಡುವಂತೆ, ಒಂದು ಪಟ್ಟಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಬೇಕು. ಎರಡು ಮೂರು ವಾರ ತೂಕ ಬದಲಾಗದಿದ್ದರೆ ಮರ ಸಿದ್ಧ. ಈ ವರ್ಷವೇ ಆರಂಭಿಸಬೇಕೆನ್ನುವವರು ಮರದ ಕೆಲಸದವರಲ್ಲಿ ಉಳಿದ ಹಳೆಯ ತುಂಡುಗಳನ್ನು ಕೇಳಿ ತರಬಹುದು.

ಕಟ್ಟುವ ಕ್ರಮ

ಮೊದಲು ದೊಡ್ಡ ಕಾಗದದ ಮೇಲೆ ಮಾದರಿಯ ಪೂರ್ಣ ಗಾತ್ರದ ನಕ್ಷೆ ಬರೆಯಬೇಕು: ಮೇಲಿನ ನೋಟ, ಪಕ್ಕದ ನೋಟ, ಮುಂದಿನ ನೋಟ. ನಕ್ಷೆಯನ್ನು ನೇರ ಹಲಗೆಗೆ ಅಂಟಿಸಿ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿದರೆ ಕಡ್ಡಿಗಳು ಕಾಗದಕ್ಕೆ ಅಂಟಿಕೊಳ್ಳುವುದಿಲ್ಲ.

ಒಡಲು ಕಟ್ಟುವುದು ಸುಲಭ. ಟೈಗರ್ ಮಾತ್‌ನ ಒಡಲಿನ ಎರಡು ಪಕ್ಕ ಮಟ್ಟಸ, ಬೆನ್ನು ಮಾತ್ರ ದುಂಡು. ಕಾಲಂಗುಲ ಚೌಕದ ನಾಲ್ಕು ಉದ್ದ ಕಡ್ಡಿಗಳನ್ನು ಅಡ್ಡ ಕಡ್ಡಿಗಳಿಂದ ಜೋಡಿಸಿ, ಎರಡು ಪಕ್ಕಗಳನ್ನೂ ಒಂದೇ ನಕ್ಷೆಯ ಮೇಲೆ ಒಂದರ ಮೇಲೊಂದು ಕಟ್ಟಬೇಕು. ಹಾಗೆ ಮಾಡಿದರೆ ಎಡ ಬಲಗಳು ಬೇರೆಯಾಗುವುದಿಲ್ಲ. ಕುಳಿತುಕೊಳ್ಳುವ ಕುಳಿಗಳು ಎರಡು. ಗುರು ಮುಂದೆ, ಶಿಷ್ಯ ಹಿಂದೆ. ಒಬ್ಬನೇ ಹಾರಿಸುವಾಗ ಹಿಂದಿನ ಕುಳಿಯಿಂದಲೇ ಹಾರಿಸುತ್ತಿದ್ದರು.

ರೆಕ್ಕೆಗೆ ಎರಡು ಉದ್ದ ತೊಲೆ, ಅವುಗಳ ಮೇಲೆ ಸಾಲಾಗಿ ಪಕ್ಕೆಪಟ್ಟಿಗಳು. ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಬಾರದು. ತಗಡಿನಲ್ಲಿ ಒಂದೇ ಆಕಾರದ ಎರಡು ಅಚ್ಚು ಮಾಡಿ, ನಡುವೆ ಬೇಕಾದಷ್ಟು ತೆಳು ಹಲಗೆ ತುಂಡು ಸೇರಿಸಿ, ಬಿಗಿದು ಒಟ್ಟಿಗೆ ಅರ ಹಾಕಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಬರುತ್ತವೆ. ಪಟ್ಟಿಯ ಎಳೆ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಅಡ್ಡ ಎಳೆಯ ಪಟ್ಟಿ ಮುರಿಯುತ್ತದೆ.

ಟೈಗರ್ ಮಾತ್‌ನ ರೆಕ್ಕೆಗಳು ನೇರವಾಗಿಲ್ಲ, ತುಸು ಹಿಂದಕ್ಕೆ ಬಾಗಿವೆ. ಇದಕ್ಕೆ ಕಾರಣವಿದೆ. ಇದರ ಹಿಂದಿನ ಮಾತ್ ವಿಮಾನಗಳಲ್ಲಿ ಮುಂದಿನ ಕುಳಿಯ ನೆತ್ತಿಗೇ ಮೇಲಿನ ರೆಕ್ಕೆಯೂ ಅದರಲ್ಲಿದ್ದ ಪೆಟ್ರೋಲ್ ತೊಟ್ಟಿಯೂ ಬರುತ್ತಿದ್ದವು. ಆಪತ್ತಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡ ಗುರು ಹೊರಬರಲು ಕಷ್ಟ. ಆದ್ದರಿಂದ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಆಗ ತೂಕದ ಹದ ತಪ್ಪಿತು. ಅದನ್ನು ಸರಿದೂಗಿಸಲು ರೆಕ್ಕೆಗಳ ತುದಿಯನ್ನು ಹಿಂದಕ್ಕೆ ತಂದರು. ಒಂದು ಜೀವ ಉಳಿಸಲು ಮಾಡಿದ ಬದಲಾವಣೆ ವಿಮಾನದ ರೂಪವನ್ನೇ ಬದಲಿಸಿತೆಂಬುದನ್ನು ಮಕ್ಕಳಿಗೆ ಹೇಳಿ.

ಜೋಡಣೆಯ ದಿನ ತೋಟದ ವಿದ್ಯೆ ಕೆಲಸಕ್ಕೆ ಬರುತ್ತದೆ. ಸಸಿ ನೆಡುವ ಸಾಲಿಗೆ ಹಗ್ಗ ಹಿಡಿದು ಮೂಲೆ ಮಟ್ಟ ನೋಡುವಂತೆ, ಬಾಲದ ತುದಿಯಲ್ಲಿ ಒಂದು ಗುಂಡುಸೂಜಿ ಚುಚ್ಚಿ ಅದಕ್ಕೆ ದಾರ ಕಟ್ಟಿ ಎಡ ರೆಕ್ಕೆಯ ತುದಿಗೂ ಬಲ ರೆಕ್ಕೆಯ ತುದಿಗೂ ಹಿಡಿದು ನೋಡಬೇಕು. ಎರಡೂ ಸಮವಿದ್ದರೆ ಮಾತ್ರ ಅಂಟು ಹಾಕಬೇಕು. ಕೆಳಗಿನ ರೆಕ್ಕೆ ಮೊದಲು, ಬಳಿಕ ಕಂಬ, ಕೊನೆಗೆ ಮೇಲಿನ ರೆಕ್ಕೆ. ಮಳೆಗಾಲದಲ್ಲಿ ಬಿಳಿ ಅಂಟು ನಿಧಾನವಾಗಿ ಒಣಗುವುದರಿಂದ ಒಂದು ರಾತ್ರಿ ಪೂರ್ತಿ ಬಟ್ಟೆಯ ಕ್ಲಿಪ್ಪುಗಳಿಂದ ಬಿಗಿದಿಡುವುದು ಒಳ್ಳೆಯದು.

ಬಟ್ಟೆ ಹೊದಿಸುವುದು

ನಿಜವಾದ ವಿಮಾನಕ್ಕೆ ಬಟ್ಟೆ ಹೊದಿಸಿ, ಅದನ್ನು ಬಿಗಿಗೊಳಿಸುವ ಡೋಪ್ ಎಂಬ ದ್ರವವನ್ನು ಬಳಿಯುತ್ತಿದ್ದರು. ನಮ್ಮ ಮಾದರಿಗೆ ಹಳೆಯ ತೆಳು ಮಲ್ಲಿನ ಪಂಚೆಯ ತುಂಡು ಅಥವಾ ತೆಳು ಕಾಗದ ಸಾಕು. ಮೈದಾ ಅಂಟು ಬಳಸುವುದಾದರೆ ಜಿರಲೆಯೂ ಬೆಳ್ಳಿಮೀನು ಹುಳುವೂ ಅದನ್ನು ಬಿಡುವುದಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಸೇರಿಸುವುದುಂಟು. ನಮ್ಮ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಇದ್ದೇ ಇರುತ್ತದೆ. ಅದು ವಿಷವಾದ್ದರಿಂದ ಆ ಅಂಟನ್ನು ದೊಡ್ಡವರೇ ಕಲಸಬೇಕು, ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು. ಈ ಎರಡನೆಯ ಮಾತನ್ನು ಬೆಳೆಗಾರರಿಗೆ ಹೇಳಬೇಕಾಗಿಯೇ ಇಲ್ಲ.

ಬಣ್ಣ ಮತ್ತು ಮೆರುಗು

ಬಹಳಷ್ಟು ಜನರ ಕೆಲಸ ಕೆಡುವುದು ಈ ಹಂತದಲ್ಲಿ. ಕಾರಣ ಅವಸರ, ಅದಕ್ಕಿಂತ ಹೆಚ್ಚಾಗಿ ತೇವ. ಮರವು ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ. ಆದ್ದರಿಂದ ಅಗಲ ಹಲಗೆಯ ಮೇಲ್ಮೈಗೆ ಮಾತ್ರ ಬಣ್ಣ ಬಳಿದರೆ ಬರಿಯ ತಳಭಾಗ ತೇವ ಹೀರಿ ಹಲಗೆ ಬಿಲ್ಲಿನಂತಾಗುತ್ತದೆ. ಯಾವ ಭಾಗಕ್ಕೇ ಆಗಲಿ ಎರಡೂ ಮುಖಕ್ಕೆ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಬಳಿಯಬೇಕು.

ಮೊದಲು ನಯವಾದ ಮರಳು ಕಾಗದದಿಂದ ಎಳೆಯ ದಿಕ್ಕಿನಲ್ಲೇ ಉಜ್ಜಿ, ಧೂಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಅರಗನ್ನು ಪಾಲಿಷಿನ ಸ್ಪಿರಿಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಎರಡು ಮೂರು ಸಲ ಬಳಿದರೆ ಹಾಲುವಾಣದ ರಂಧ್ರಗಳು ಮುಚ್ಚುತ್ತವೆ. ಪ್ರತಿ ಸಲವೂ ಒಣಗಿದ ಮೇಲೆ ಹಗುರವಾಗಿ ಉಜ್ಜಬೇಕು. ಜಿನುಗು ಮಳೆಯ ದಿನ ಬಳಿದ ಅರಗು ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಸ್ಪಿರಿಟ್ಟು ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಿನಂಶ ಅಲ್ಲಿ ಇಳಿಯುವುದೇ ಇದಕ್ಕೆ ಕಾರಣ. ಆದ್ದರಿಂದ ಚೌಕಟ್ಟು, ಜೋಡಣೆ ಮಳೆಗಾಲದಲ್ಲಾಗಲಿ, ಮೆರುಗಿನ ಕೆಲಸ ಮಳೆ ಹಿಂದಾದ ಮೇಲೆಯೇ ಆಗಲಿ. ಆಯುಧಪೂಜೆಗೆ ಉಳಿ, ಗರಗಸಗಳ ಜೊತೆ ಬಣ್ಣವಿಲ್ಲದ ವಿಮಾನವನ್ನೂ ಇಟ್ಟು ಪೂಜಿಸಿ, ಅಲ್ಲಿಂದ ಹುತ್ತರಿಯೊಳಗೆ ಬಣ್ಣ ಮುಗಿಸಿದರೆ ಕಾಫಿ ಕೊಯ್ಲಿಗೆ ಅಡ್ಡಿಯಾಗುವುದಿಲ್ಲ.

ತರಬೇತಿ ವಿಮಾನಗಳಿಗೆ ದೂರದಿಂದ ಕಾಣಲೆಂದು ಹಳದಿ ಬಳಿಯುವ ವಾಡಿಕೆಯಿತ್ತು. ಹಳದಿ ಎನಾಮಲ್ ಬಣ್ಣವನ್ನು ಒಂದು ದಪ್ಪ ಲೇಪಕ್ಕೆ ಬದಲು ಎರಡು ತೆಳು ಲೇಪವಾಗಿ ಕೊಡಬೇಕು. ಬಾಲದ ಕಡೆ ಬಣ್ಣ ಕಡಿಮೆ ಇರಲಿ, ಅಲ್ಲಿ ಸೇರಿದ ಒಂದೊಂದು ಗ್ರಾಮೂ ಸಮತೋಲ ಕೆಡಿಸುತ್ತದೆ. ಸ್ಪಿರಿಟ್ಟು, ತಿನ್ನರುಗಳು ಬೇಗ ಬೆಂಕಿ ಹತ್ತುವ ವಸ್ತುಗಳು. ಒಲೆಯ ಬಳಿ, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಚಕ್ರ, ಪಂಖದ ಗುಬ್ಬಿ, ಕುಳಿಯಲ್ಲಿ ಕೂರುವವರ ತಲೆ ಮುಂತಾದ ದುಂಡು ಭಾಗಗಳನ್ನು ಚನ್ನಪಟ್ಟಣದ ಕುಶಲಕರ್ಮಿಗಳಿಂದ ಕಡೆಸಬಹುದು. ಅವರು ಹಾಲೆ ಮರವನ್ನು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬಳಿಕ ಒಣಗಿದ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಕುಂಚವಿಲ್ಲದೆ ಬಣ್ಣ ಹಚ್ಚುವ ಆ ಕೆಲಸವನ್ನು ಮೈಸೂರು–ಬೆಂಗಳೂರು ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಒಮ್ಮೆ ತೋರಿಸತಕ್ಕದ್ದು. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಆ ಕಾರ್ಖಾನೆಯ ಹಳೆಯ ವಿಮಾನಗಳನ್ನೂ ಅವರು ಹತ್ತಿರದಿಂದ ನೋಡಬಹುದು.

ಕೊಡಗಿನ ಮಕ್ಕಳಿಗೆ

ವಿಮಾನವೆಂದರೆ ಕೊಡಗಿನವರಿಗೆ ಬರಿಯ ಆಟಿಕೆಯಲ್ಲ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಎಷ್ಟೋ ವೇಗದ ಶತ್ರು ಸ್ಟಾರ್‌ಫೈಟರನ್ನು ಎದುರಿಸಿ ಉರುಳಿಸಿದರು. ಅವರು ಮರಳಿ ಬರಲಿಲ್ಲ. ಅವರು ಮಾಡಿದ್ದೇನೆಂಬುದು ವರ್ಷಗಟ್ಟಲೆ ಹೊರಬೀಳಲಿಲ್ಲ. ಮಹಾವೀರ ಚಕ್ರ ಮರಣೋತ್ತರವಾಗಿ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಅವರು ವಾಯುಪಡೆಯಲ್ಲಿ ಹಾರಾಟ ಕಲಿಸುವ ಗುರುವೂ ಆಗಿದ್ದರು. ಜೋಡಿ ಕುಳಿಯ ವಿಮಾನದಲ್ಲಿ ಶಿಷ್ಯನ ತಪ್ಪನ್ನು ತಿದ್ದುವ ಗುರುವಿನ ಕೆಲಸ ಏನೆಂಬುದು ಈ ಮಾದರಿ ಕಟ್ಟಿದ ಮಗುವಿಗೆ ಬೇಗ ಅರ್ಥವಾದೀತು. ಹಾರಂಗಿಗೆ ಸಮೀಪದ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಅಲ್ಲಿಗೆ ಹೋಗುವ ಕನಸಿರುವ ಮಕ್ಕಳೂ ನಮ್ಮ ಸದಸ್ಯರ ಮನೆಗಳಲ್ಲಿದ್ದಾರೆ.

ಆದರೆ ಎಲ್ಲ ಮಕ್ಕಳೂ ವೈಮಾನಿಕರಾಗಬೇಕಾಗಿಲ್ಲ. ತೋಟದಲ್ಲೇ ಉಳಿಯುವವನಿಗೂ ಇದರಿಂದ ಲಾಭವಿದೆ. ಕಾಲು ಅಂಗುಲ ತಪ್ಪಿದರೆ ರೆಕ್ಕೆ ಕೂರುವುದಿಲ್ಲ ಎಂಬುದನ್ನು ಕೈಯಿಂದ ಕಲಿತವನು ಮುಂದೆ ಔಷಧಿಯ ಪ್ರಮಾಣದಲ್ಲಿ, ಗುಂಡಿಯ ಅಂತರದಲ್ಲಿ, ಕಾಫಿಯ ಒಣಗಿನಲ್ಲಿ ಅಂದಾಜಿನ ಮೇಲೆ ನಡೆಯುವುದಿಲ್ಲ.

ಮುಗಿದ ಮಾದರಿಯನ್ನು ಬಿಸಿಲು ನೇರ ಬೀಳದ, ಗೆದ್ದಲು ಏರದ ಜಾಗದಲ್ಲಿ, ಸಾಧ್ಯವಾದರೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಮುಂದಿನ ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ನೋಡಿ. ತಂತಿ ಸಡಿಲವಾಗಿದೆಯೇ, ಸಂದು ಬಿಟ್ಟಿದೆಯೇ, ಬಣ್ಣ ಎಲ್ಲಿ ಬಿರಿದಿದೆ ಎಂದು ಗುರುತು ಹಾಕಿಕೊಳ್ಳಿ. ಸಂದು ಬಿಟ್ಟ ಕಡೆ ಮರ ಹಸಿಯಾಗಿತ್ತು ಅಥವಾ ಅಂಟು ಸಾಲದಾಗಿತ್ತು ಎಂದು ತಿಳಿಯಬೇಕು. ಒಂದು ಮಳೆಗಾಲವನ್ನು ನೆಟ್ಟಗೆ ಕಳೆದ ವಿಮಾನವೇ ಚೆನ್ನಾಗಿ ಕಟ್ಟಿದ ವಿಮಾನ. ಅಂಥವನ್ನು ಮಕ್ಕಳು ಸಂಘದ ಮಹಾಸಭೆಯ ದಿನ ತಂದು ಮೇಜಿನ ಮೇಲಿಟ್ಟರೆ ಸದಸ್ಯರೆಲ್ಲರೂ ಸಂತೋಷದಿಂದ ನೋಡುವರೆಂಬುದರಲ್ಲಿ ಸಂದೇಹವಿಲ್ಲ.